ಸನ್ನದು ಯಾರ ಪೆಟ್ಟಿಗೆಯಲ್ಲಿತ್ತು? ಅಮೆರಿಕದ ಮೊದಲ ಇಂಗ್ಲಿಷ್ ವಸಾಹತುಗಳನ್ನು ಆಳಿದ್ದು ಯಾರು

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಇಂಗ್ಲಿಷರ ಮೊದಲ ವಸಾಹತುಗಳನ್ನು ಕಟ್ಟಿದ್ದು ರಾಜನಾ, ಕಂಪನಿಯಾ? ನಮ್ಮಲ್ಲಿಗೆ ಈಸ್ಟ್ ಇಂಡಿಯಾ ಕಂಪನಿ ಬಂದ ಹಾಗೆ ಅಲ್ಲಿಗೂ ಒಂದು ಕಂಪನಿ ಹೋಗಿತ್ತು ಅಂತ ಓದಿದ್ದೇನೆ. ಹಾಗಿದ್ದರೆ ಅಲ್ಲಿ ಚುನಾವಣೆ, ಸಭೆ ಎಲ್ಲ ಅಷ್ಟು ಬೇಗ ಹೇಗೆ ಬಂತು, ಇಲ್ಲಿ ಯಾಕೆ ಬರಲಿಲ್ಲ? ರಾಜ ಕೊಟ್ಟ ಸನ್ನದನ್ನು ಅವನು ವಾಪಸ್ ಕಿತ್ತುಕೊಳ್ಳಬಹುದಿತ್ತಾ?

ಉತ್ತರ: ರಾಜ ದುಡ್ಡು ಹಾಕಲಿಲ್ಲ. ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ, ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಸ್ಪೇನ್ ದೇಶದ ದೊರೆಗಳಿಗೆ ಅಮೆರಿಕದ ಬೆಳ್ಳಿ ಬರುತ್ತಿತ್ತು, ಇಂಗ್ಲೆಂಡಿನ ದೊರೆಗೆ ಅಂಥದ್ದೇನೂ ಇರಲಿಲ್ಲ. ಅವನ ಹತ್ತಿರ ಇದ್ದದ್ದು ಒಂದು ಮೊಹರು. ಹಾಗಾಗಿ ಅವನು ಕೊಟ್ಟದ್ದು ಒಂದು ಕಾಗದ: ಇಂಥ ಅಕ್ಷಾಂಶದಿಂದ ಇಂಥ ಅಕ್ಷಾಂಶದವರೆಗಿನ ನೆಲದಲ್ಲಿ ನೀವು ಊರು ಕಟ್ಟಬಹುದು, ವ್ಯಾಪಾರ ಮಾಡಬಹುದು, ಚಿನ್ನ ಬೆಳ್ಳಿ ಸಿಕ್ಕರೆ ಐದನೇ ಒಂದು ಪಾಲು ನನಗೆ. ಅದೇ ಸನ್ನದು. ಹಡಗು, ಹಿಟ್ಟು, ಕೊಡಲಿ, ಕೂಲಿ, ಸಾವು ಎಲ್ಲ ತೆಗೆದುಕೊಂಡವರ ಲೆಕ್ಕಕ್ಕೆ.

ನಿಮ್ಮ ಈಸ್ಟ್ ಇಂಡಿಯಾ ಕಂಪನಿ ಹೋಲಿಕೆ ಸುಮ್ನೆ ಹೊಳೆದದ್ದಲ್ಲ, ಅದು ನಿಜವಾದ ನಂಟು. ಆ ಕಂಪನಿಗೆ ಸನ್ನದು ಸಿಕ್ಕಿದ್ದು 1600ರ ಡಿಸೆಂಬರ್ 31ರಂದು, ಅದರ ಮೊದಲ ಗವರ್ನರ್ ಥಾಮಸ್ ಸ್ಮಿತ್ ಎಂಬ ಲಂಡನ್ ವ್ಯಾಪಾರಿ. 1609ರಿಂದ 1619ರವರೆಗೆ, ಅಮೆರಿಕದಲ್ಲಿ ವಸಾಹತು ಕಟ್ಟಲು ಹೊರಟ ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿ ಅದನ್ನೂ ನಡೆಸಿದವನು ಇದೇ ಮನುಷ್ಯ. ಮೆಣಸು ತರಲು ಪೂರ್ವಕ್ಕೆ ಒಂದು ಹಡಗು, ಚಿನ್ನ ಹುಡುಕಲು ಪಶ್ಚಿಮಕ್ಕೆ ಇನ್ನೊಂದು. ಎರಡೂ ಕಡೆ ಅದೇ ಏರ್ಪಾಡು: ಷೇರುದಾರರು, ಅವರ ಸಭೆ, ಆ ಸಭೆ ಆರಿಸುವ ಗವರ್ನರ್ ಅಥವಾ ಖಜಾಂಚಿ. ಮುಂದೆ ದಾರಿ ಬೇರೆಯಾದದ್ದು ಎಲ್ಲಿ ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು, ಅದಕ್ಕೆ ಬರುತ್ತೇನೆ.

ಮೊದಲ ಪ್ರಯತ್ನ ಒಬ್ಬನೇ ವ್ಯಕ್ತಿಯದು. ವಾಲ್ಟರ್ ರ‍್ಯಾಲಿಗೆ 1584ರಲ್ಲಿ ಎಲಿಜಬೆತ್ ರಾಣಿ ಹಕ್ಕುಪತ್ರ ಕೊಟ್ಟಳು. ಅವನು ಕಳಿಸಿದ ಜನ ಈಗಿನ ನಾರ್ತ್ ಕೆರೊಲಿನಾದ ರೋವನೋಕ್ ದ್ವೀಪದಲ್ಲಿ ನೆಲೆ ನಿಂತರು. 1587ರಲ್ಲಿ ಹೋದವರನ್ನು ಬಿಟ್ಟು ಸಾಮಾನು ತರಲು ಇಂಗ್ಲೆಂಡಿಗೆ ಬಂದ ಗವರ್ನರ್ ಜಾನ್ ವೈಟ್ 1590ರಲ್ಲಿ ವಾಪಸ್ ಹೋದಾಗ ಊರು ಖಾಲಿ. ಒಂದು ಕಂಬದ ಮೇಲೆ 'ಕ್ರೊಆಟನ್' ಎಂದು, ಹತ್ತಿರದ ಇನ್ನೊಂದು ದ್ವೀಪದ ಹೆಸರು ಕೆತ್ತಿತ್ತು, ಅಷ್ಟೇ. ಇದರಿಂದ ಲಂಡನ್ನಿನ ವ್ಯಾಪಾರಿಗಳು ಕಲಿತ ಪಾಠ ಒಂದೇ. ಒಬ್ಬನ ಜೇಬಿನಿಂದ ಇದು ಆಗುವ ಕೆಲಸವಲ್ಲ, ನಷ್ಟವನ್ನು ಹಂಚಿಕೊಳ್ಳುವ ಜನ ಬೇಕು.

1606ರ ಏಪ್ರಿಲ್ 10ರಂದು ಮೊದಲನೇ ಜೇಮ್ಸ್ ದೊರೆ ವರ್ಜೀನಿಯಾ ಕಂಪನಿಗೆ ಸನ್ನದು ಕೊಟ್ಟ. ಆ ವರ್ಷದ ಡಿಸೆಂಬರಿನಲ್ಲಿ ಮೂರು ಹಡಗು ಹೊರಟವು. ಇಲ್ಲಿ ಆಡಳಿತ ಹೇಗೆ ಶುರುವಾಯಿತು ಅನ್ನುವುದನ್ನು ಕೇಳಿ, ನನಗೆ ಇದು ಇವತ್ತಿಗೂ ವಿಚಿತ್ರ ಅನಿಸುತ್ತದೆ. ಯಾರು ಆಳಬೇಕು ಎಂಬ ಪಟ್ಟಿಯನ್ನು ಲಂಡನ್ನಿನಲ್ಲೇ ಬರೆದು, ಪೆಟ್ಟಿಗೆಯಲ್ಲಿಟ್ಟು ಮೊಹರು ಹಾಕಿ ಕಳಿಸಿದ್ದರು. ದಡ ಮುಟ್ಟಿದ ಮೇಲೆಯೇ ತೆರೆಯಬೇಕು ಎಂದು ಅಪ್ಪಣೆ. ಅಂದರೆ ನಾಲ್ಕು ತಿಂಗಳು ಸಮುದ್ರದ ಮೇಲೆ ಒಟ್ಟಿಗೆ ಉಂಡು ಜಗಳವಾಡಿದವರಿಗೆ, ತಮ್ಮಲ್ಲಿ ಯಾರು ಮುಂದೆ ತಮ್ಮನ್ನು ಆಳುವವರು ಎಂದೇ ಗೊತ್ತಿರಲಿಲ್ಲ. 1607ರ ಏಪ್ರಿಲ್ 26ರ ರಾತ್ರಿ ಪೆಟ್ಟಿಗೆ ತೆರೆದರು. ಏಳು ಹೆಸರು. ಅದರಲ್ಲಿ ಒಂದು ಜಾನ್ ಸ್ಮಿತ್ ಎಂಬ ಸೈನಿಕನದು. ದಂಗೆ ಎಬ್ಬಿಸಲು ನೋಡಿದ ಎಂಬ ಆರೋಪದ ಮೇಲೆ ಅವನನ್ನು ದಾರಿಯಲ್ಲೇ ಸೆರೆಯಲ್ಲಿಟ್ಟಿದ್ದರು! ಜೂನ್ ತಿಂಗಳವರೆಗೆ ಅವನನ್ನು ಕೌನ್ಸಿಲ್ಲಿನೊಳಗೆ ಸೇರಿಸಿಕೊಳ್ಳಲಿಲ್ಲ.

ಮೇ 14ರಂದು 104 ಗಂಡಸರು ಮತ್ತು ಹುಡುಗರು ಜೇಮ್ಸ್‌ಟೌನ್‌ನಲ್ಲಿ ಇಳಿದರು. ಜಾಗ ಜೌಗು, ನೀರು ಉಪ್ಪು. ಸೆಪ್ಟೆಂಬರ್ ಹೊತ್ತಿಗೆ ಕೌನ್ಸಿಲ್ಲಿನವರು ತಮ್ಮ ಅಧ್ಯಕ್ಷ ಎಡ್ವರ್ಡ್ ವಿಂಗ್‌ಫೀಲ್ಡನನ್ನು ಕೆಳಗಿಳಿಸಿದರು. ಇನ್ನೊಬ್ಬ ಸದಸ್ಯ ಜಾರ್ಜ್ ಕೆಂಡಲ್‌ಗೆ ಮರಣದಂಡನೆಯಾಯಿತು. ಮಾರನೆಯ ಜನವರಿಗೆ ಬದುಕಿದ್ದವರು 38 ಜನ. ಸರಿಸಮಾನರಾದ ಏಳು ಜನರ ಕೌನ್ಸಿಲ್, ಮೇಲೆ ಯಾರೂ ಇಲ್ಲ, ಕೆಳಗೆ ಹಸಿದ ಜನ. ಅದು ಮುರಿದು ಬೀಳದೆ ಇನ್ನೇನಾಗುತ್ತದೆ?

ಕಂಪನಿ 1609ರಲ್ಲಿ ಹೊಸ ಸನ್ನದು ಪಡೆಯಿತು. ಆಡಳಿತವನ್ನು ಪೂರ್ತಿಯಾಗಿ ತನ್ನ ಕೈಗೆ ತೆಗೆದುಕೊಂಡು, ಎಲ್ಲ ಅಧಿಕಾರ ಇರುವ ಒಬ್ಬ ಗವರ್ನರನನ್ನು ನೇಮಿಸಿತು. ಷೇರಿನ ಬೆಲೆ 12 ಪೌಂಡ್ 10 ಶಿಲಿಂಗ್. ದುಡ್ಡು ಇಲ್ಲದವರು ತಾವೇ ಹಡಗು ಹತ್ತಿದರೆ ಅದೂ ಒಂದು ಷೇರಿಗೆ ಸಮ. ಈ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ವಸಾಹತಿನಲ್ಲಿ ಇರುವವನೂ ಪಾಲುದಾರನೇ ಎಂಬ ಯೋಚನೆ ಮೊಳೆತದ್ದು ಇಲ್ಲಿ. ಆದರೆ ಮೊಳಕೆ ಚಿಗುರುವ ಮುಂಚೆ 1609-10ರ ಚಳಿಗಾಲ ಬಂತು. ಅದನ್ನು ಅವರು 'ಹಸಿವಿನ ಕಾಲ' ಎಂದೇ ಕರೆದರು. ಜೇಮ್ಸ್‌ಟೌನ್‌ನಲ್ಲಿದ್ದ ನೂರಾರು ಜನರಲ್ಲಿ ವಸಂತಕ್ಕೆ ಉಳಿದವರು ಸುಮಾರು 60. ಜೂನ್‌ನಲ್ಲಿ ಉಳಿದವರೆಲ್ಲ ಊರು ಬಿಟ್ಟು ಹಡಗು ಹತ್ತಿಯೂ ಆಗಿತ್ತು, ನದಿಯಲ್ಲಿ ಎದುರಿಗೆ ಹೊಸ ಗವರ್ನರ್ ಡೆಲವೇರ್ ಬರುತ್ತಿದ್ದಾನೆಂದು ತಿಳಿದು ತಿರುಗಿ ಬಂದರು.

ಆಮೇಲಿನ ಕೆಲವು ವರ್ಷ ಅಲ್ಲಿ ನಡೆದದ್ದು ಸೈನ್ಯದ ಕಾನೂನು. ಕಂಪನಿಯ ಉಗ್ರಾಣದಿಂದ ಕದ್ದರೆ ಸಾವು. ಅಪ್ಪಣೆಯಿಲ್ಲದೆ ಕೋಳಿ, ಹಂದಿ, ದನ ಕೊಂದರೂ ಸಾವು. ಪ್ರಾರ್ಥನೆಗೆ ಒಂದು ಸಲ ತಪ್ಪಿಸಿದರೆ ಆ ದಿನದ ಊಟ ಕಟ್, ಎರಡನೇ ಸಲ ಚಾವಟಿ ಏಟು. ಇಂಥ ಸುದ್ದಿ ಹಬ್ಬಿದ ಮೇಲೆ ಯಾರು ತಾನೇ ಅಲ್ಲಿಗೆ ಹೋಗುತ್ತಾರೆ? ಅಷ್ಟರಲ್ಲಿ ಜಾನ್ ರಾಲ್ಫ್ ಎಂಬವನು 1612ರ ಹೊತ್ತಿಗೆ ಒಳ್ಳೆಯ ಜಾತಿಯ ಹೊಗೆಸೊಪ್ಪು ಬೆಳೆದು ತೋರಿಸಿದ್ದ. ಬೆಳೆ ಇದೆ, ನೆಲ ಇದೆ ಎಂದುಕೊಂಡರು, ಜನ ಇಲ್ಲ. ಕಂಪನಿಗೆ ಜನ ಬೇಕಾಗಿತ್ತು. ಅದಕ್ಕೆ 1618ರಲ್ಲಿ ಎರಡು ಆಸೆ ತೋರಿಸಿತು: ಸ್ವಂತ ಖರ್ಚಿನಲ್ಲಿ ಬಂದವರಿಗೆ ತಲೆಗೆ 50 ಎಕರೆ, ಜೊತೆಗೆ ಸ್ಥಳೀಯ ಕಾನೂನು ಮಾಡಲು ಒಂದು ಸಭೆ.

ಆ ಸಭೆ ಸೇರಿದ್ದು 1619ರ ಜುಲೈ 30ರಂದು, ಜೇಮ್ಸ್‌ಟೌನ್‌ನ ಚರ್ಚಿನಲ್ಲಿ. ಗವರ್ನರ್ ಜಾರ್ಜ್ ಯೀರ್ಡ್ಲಿ, ಅವನ ಕೌನ್ಸಿಲ್, ಮತ್ತು 11 ನೆಲೆಗಳಿಂದ ತಲಾ ಇಬ್ಬರಂತೆ 22 ಪ್ರತಿನಿಧಿಗಳು. ಮೊದಲು ಮಾಡಿದ ಕೆಲಸವೇ ಯಾರು ಕೂರಬಹುದು, ಯಾರು ಕೂರಬಾರದು ಎಂದು ತೀರ್ಮಾನಿಸಿದ್ದು. ಮಾರ್ಟಿನ್ ಎಂಬ ಒಬ್ಬ ಜಮೀನ್ದಾರನ ಹಕ್ಕುಪತ್ರದಲ್ಲಿ ವಸಾಹತಿನ ಕಾನೂನು ಅವನಿಗೆ ತಾಗುವುದಿಲ್ಲ ಎಂದು ಇತ್ತು. ಹಾಗಾದರೆ ನಿನ್ನ ಕಡೆಯವರು ಇಲ್ಲಿ ಕೂತು ನಮಗೆ ಕಾನೂನು ಮಾಡುವುದು ಹೇಗೆ ಎಂದು ಅವನ ಇಬ್ಬರನ್ನು ಹೊರಗಿಟ್ಟರು. ಒಳ್ಳೆಯ ಹೊಗೆಸೊಪ್ಪಿಗೆ ಪೌಂಡಿಗೆ 3 ಶಿಲಿಂಗ್, ಎರಡನೇ ದರ್ಜೆಗೆ 18 ಪೆನ್ಸ್ ಎಂದು ಬೆಲೆ ಕಟ್ಟಿದರು. ಕುಡಿತ, ಜೂಜು, ಸೋಮಾರಿತನದ ಮೇಲೆ ನಿಯಮ ಮಾಡಿದರು. ಸೆಕೆ ವಿಪರೀತ, ಒಬ್ಬ ಪ್ರತಿನಿಧಿ ಸಭೆ ನಡೆಯುತ್ತಿರುವಾಗಲೇ ತೀರಿಕೊಂಡ. ಆಗಸ್ಟ್ 4ಕ್ಕೆ ಮುಗಿಸಿದರು.

ಇದನ್ನು ಪ್ರಜಾಪ್ರಭುತ್ವದ ಹುಟ್ಟು ಎಂದು ಹಾಡಿ ಹೊಗಳುವವರು ಜಾಸ್ತಿ. ಅದೇ ಆಗಸ್ಟ್ ತಿಂಗಳ ಕೊನೆಯಲ್ಲಿ, ಅಲ್ಲೇ ನದಿಯ ಬಾಯಲ್ಲಿರುವ ಪಾಯಿಂಟ್ ಕಂಫರ್ಟಿಗೆ ಒಂದು ಹಡಗು ಬಂತು. ಅದರಲ್ಲಿದ್ದ ಇಪ್ಪತ್ತಕ್ಕೂ ಕೆಲವು ಜಾಸ್ತಿ ಆಫ್ರಿಕನ್ನರನ್ನು ಆಹಾರಕ್ಕೆ ಬದಲಾಗಿ ಕೊಟ್ಟುಹೋಯಿತು. ಇದನ್ನು ಪತ್ರದಲ್ಲಿ ಬರೆದು ತಿಳಿಸಿದವನೂ ಜಾನ್ ರಾಲ್ಫನೇ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂಬ ಕಾನೂನನ್ನು 1662ರಲ್ಲಿ ಮಾಡಿದ್ದು ಬೇರೆ ಯಾರೂ ಅಲ್ಲ, ಇದೇ ವರ್ಜೀನಿಯಾದ ಚುನಾಯಿತ ಸಭೆ. ತೆರಿಗೆ ಹಾಕಲು ನಮ್ಮ ಒಪ್ಪಿಗೆ ಬೇಕು ಎಂದು 1624ರಲ್ಲಿ ಗವರ್ನರನಿಗೆ ಹೇಳಿದ್ದೂ ಇದೇ ಸಭೆ. ಎರಡನ್ನೂ ಒಟ್ಟಿಗೆ ಹೇಳದೆ ಇದ್ದರೆ ಈ ಚರಿತ್ರೆ ಅರ್ಧವಾಗುತ್ತದೆ ಎಂದು ನನ್ನ ಗಟ್ಟಿಯಾದ ಅಭಿಪ್ರಾಯ.

ಇನ್ನು ಆ ನೆಲ ಯಾರದು? ಅಲ್ಲಿ ಪೊವಾಟನ್ ದೊರೆಯ ಕೆಳಗೆ ಸುಮಾರು 30 ಬುಡಕಟ್ಟುಗಳಿದ್ದವು. ತಮ್ಮ ನಾಡಿಗೆ ಅವರು ಸೆನಕೊಮಾಕ ಎಂದು ಹೆಸರಿಟ್ಟುಕೊಂಡಿದ್ದರು. ಜೇಮ್ಸ್ ದೊರೆ ಕಾಗದದ ಮೇಲೆ ಗೆರೆ ಎಳೆದು ಕೊಟ್ಟದ್ದು ಅವರ ಹೊಲ, ಅವರ ಕಾಡು. ಹೊಗೆಸೊಪ್ಪು ನೆಲವನ್ನು ಬೇಗ ಸವೆಸುತ್ತದೆ, ಬೆಳೆಗಾರ ಹೊಸ ನೆಲಕ್ಕೆ ಕೈ ಹಾಕುತ್ತಲೇ ಇದ್ದ. 1622ರ ಮಾರ್ಚ್ 22ರಂದು ಪೊವಾಟನ್‌ನ ಬಂಧು ಒಪೆಚಾಂಕನೋ ಒಂದೇ ಬೆಳಿಗ್ಗೆ ಹಲವು ನೆಲೆಗಳ ಮೇಲೆ ಬಿದ್ದ. 347 ಇಂಗ್ಲಿಷರು ಸತ್ತರು. ಕಂಪನಿ ಮೊದಲೇ ಸಾಲದಲ್ಲಿತ್ತು. ವಿಚಾರಣೆ ನಡೆದು 1624ರಲ್ಲಿ ಲಂಡನ್ನಿನ ಕೋರ್ಟು ಸನ್ನದನ್ನು ರದ್ದು ಮಾಡಿತು. 1607ರಿಂದ ಹೋದವರು ಸಾವಿರಾರು, ಆಗ ಅಲ್ಲಿ ಬದುಕಿದ್ದವರು ಸುಮಾರು 1,200. ವರ್ಜೀನಿಯಾ ರಾಜನ ವಸಾಹತಾಯಿತು. ಸಭೆಯ ಬಗ್ಗೆ ರಾಜ ಒಂದು ಮಾತೂ ಆಡಲಿಲ್ಲ. ಆದರೂ ಅವರು ಸೇರುವುದನ್ನು ಬಿಡಲಿಲ್ಲ. ಲಂಡನ್ ಅದನ್ನು ಸರಿಯಾಗಿ ಒಪ್ಪಿಕೊಂಡದ್ದು 1639ರಲ್ಲಿ.

ಈಗ ಉತ್ತರ ದಿಕ್ಕಿನ ವಸಾಹತುಗಳಿಗೆ ಬನ್ನಿ. ಈಗಿನ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿದ್ದ ಪ್ಲಿಮತ್ ವಸಾಹತಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಮೇಫ್ಲವರ್ ಎಂಬ ಹಡಗಿನಲ್ಲಿ ಇಂಗ್ಲೆಂಡಿನಿಂದ ಬಂದು ಅದನ್ನು ಕಟ್ಟಿದವರಿಗೆ ಇದ್ದ ಅನುಮತಿ ವರ್ಜೀನಿಯಾದ ಎಲ್ಲೆಯೊಳಗಿನದು. ಅವರು ಬಂದು ತಲುಪಿದ್ದು ಅದರಾಚೆ, ಕೇಪ್ ಕಾಡ್‌ನಲ್ಲಿ. ಹಾಗಾದರೆ ಇಲ್ಲಿ ನಮಗೆ ಅಪ್ಪಣೆ ಮಾಡುವ ಹಕ್ಕು ಯಾರಿಗೂ ಇಲ್ಲ ಎಂದು ಕೆಲವರು ಗೊಣಗಿದರು. ಕಾನೂನಿನ ಪ್ರಕಾರ ಅವರ ಮಾತಿನಲ್ಲಿ ಹುರುಳಿತ್ತು. ಅದಕ್ಕೇ 1620ರ ನವೆಂಬರಿನಲ್ಲಿ, ಇಳಿಯುವ ಮುಂಚೆ, 41 ಗಂಡಸರು ಒಂದು ಕರಾರಿಗೆ ಸಹಿ ಹಾಕಿದರು. ನಾವೆಲ್ಲ ಒಂದು ಸಮಾಜವಾಗಿ ಸೇರುತ್ತೇವೆ, ನಾವೇ ಮಾಡಿದ ಕಾನೂನಿಗೆ ತಲೆಬಾಗುತ್ತೇವೆ ಎಂದು. ರಾಜನ ಸನ್ನದು ಪ್ಲಿಮತ್ತಿಗೆ ಕೊನೆಗೂ ಸಿಗಲಿಲ್ಲ. ವಿಲಿಯಂ ಬ್ರಾಡ್‌ಫರ್ಡ್ ಎಂಬವನನ್ನು ಸುಮಾರು 30 ಸಲ ಗವರ್ನರ್ ಆಗಿ ಆರಿಸಿಕೊಂಡು, 1691ರಲ್ಲಿ ಮ್ಯಾಸಚೂಸೆಟ್ಸಿನೊಳಗೆ ಸೇರಿಹೋಗುವವರೆಗೂ ಅವರು ಹಾಗೇ ನಡೆಸಿದರು.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಮ್ಯಾಸಚೂಸೆಟ್ಸ್ ಬೇ ಕಂಪನಿಯಲ್ಲಿ. 1629ರ ಮಾರ್ಚ್‌ನಲ್ಲಿ ಮೊದಲನೇ ಚಾರ್ಲ್ಸ್ ಕೊಟ್ಟ ಈ ಸನ್ನದು ಓದಿದರೆ ಪಕ್ಕಾ ಕಂಪನಿ ಕಾಗದ: ಒಬ್ಬ ಗವರ್ನರ್, ಒಬ್ಬ ಉಪಗವರ್ನರ್, ಅವರ ಜೊತೆ ಆಡಳಿತ ನಡೆಸುವ 18 ಸಹಾಯಕರು, ಸದಸ್ಯರ ಮಹಾಸಭೆ ವರ್ಷಕ್ಕೆ ನಾಲ್ಕು ಸಲ. ಒಂದು ವಿಷಯ ಮಾತ್ರ ಅದರಲ್ಲಿ ಇರಲಿಲ್ಲ. ಸಭೆ ಎಲ್ಲಿ ಸೇರಬೇಕು ಎಂದು ಬರೆದಿರಲಿಲ್ಲ. ಷೇರುದಾರರಲ್ಲಿ ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನ ಚರ್ಚನ್ನು ಇನ್ನೂ ಶುದ್ಧ ಮಾಡಬೇಕು ಎನ್ನುತ್ತಿದ್ದ ಪಂಥದವರು, ಇದನ್ನು ಹಿಡಿದುಕೊಂಡರು. ಆ ಆಗಸ್ಟ್‌ನಲ್ಲಿ ಕೇಂಬ್ರಿಜ್‌ನಲ್ಲಿ 12 ಜನ ಒಪ್ಪಂದ ಮಾಡಿಕೊಂಡರು: ಕಂಪನಿಯ ಆಡಳಿತವನ್ನೂ ಸನ್ನದನ್ನೂ ನಮ್ಮ ಜೊತೆ ಅಮೆರಿಕಕ್ಕೆ ಒಯ್ಯಲು ಬಿಟ್ಟರೆ ನಾವು ಹೆಂಡತಿ ಮಕ್ಕಳ ಸಮೇತ ಹೊರಡುತ್ತೇವೆ. ಕಂಪನಿ ಒಪ್ಪಿತು. 1630ರಲ್ಲಿ ಜಾನ್ ವಿಂತ್ರಾಪ್ ನಾಯಕತ್ವದಲ್ಲಿ ಹಡಗುಗಳು ಹೊರಟಾಗ ಸನ್ನದೂ ಪೆಟ್ಟಿಗೆಯಲ್ಲಿ ಹೊರಟಿತು.

ಇದೇ ಕವಲು. ಈಸ್ಟ್ ಇಂಡಿಯಾ ಕಂಪನಿಯ ಸನ್ನದು, ಷೇರು, ಮತ ಎಲ್ಲ ಲಂಡನ್‌ನಲ್ಲೇ ಉಳಿದವು. ಸೂರತ್‌ಗೋ ಮದರಾಸಿಗೋ ಬಂದವರು ಅದರ ನೌಕರರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗಲೂ ಕಂಪನಿಯಲ್ಲಿ ಮತ ಹಾಕುವವರು ಲಂಡನ್ನಿನ ಷೇರುದಾರರೇ. ಮ್ಯಾಸಚೂಸೆಟ್ಸಿನಲ್ಲಿ ಷೇರುದಾರರೇ ಊರಿನವರಾದರು, ಅವರ ಮಹಾಸಭೆಯೇ ಶಾಸನಸಭೆಯಾಯಿತು. ಆದರೆ ಒಂದನ್ನು ಮರೆಯಬಾರದು. ಅಲ್ಲಿ ಮತ ಸಿಕ್ಕಿದ್ದು ಹೋದವರಿಗೆ, ಮೊದಲಿನಿಂದ ಇದ್ದವರಿಗಲ್ಲ. ಆ ಲೆಕ್ಕದಲ್ಲಿ ಮ್ಯಾಸಚೂಸೆಟ್ಸಿನ ಮೂಲ ಜನರಿಗೂ ನಮ್ಮ ಮೈಸೂರಿನವರಿಗೂ ಕಂಪನಿಯ ಸಭೆಯಲ್ಲಿ ಒಂದೇ ಜಾಗ, ಅಂದರೆ ಜಾಗವೇ ಇಲ್ಲ.

ಹೋದವರಿಗೂ ಆ ಮತ ಸುಲಭವಾಗಿ ಸಿಗಲಿಲ್ಲ. ವಿಂತ್ರಾಪ್ ಒಳ್ಳೆಯ ಮನುಷ್ಯ, ಶ್ರಮಜೀವಿ, ತನ್ನ ಸ್ವಂತ ಆಸ್ತಿಯನ್ನೇ ಇದರಲ್ಲಿ ಕಳೆದುಕೊಂಡ. ಆದರೆ ಸಾಮಾನ್ಯರು ಆಳಬೇಕು ಎಂಬುದರಲ್ಲಿ ಅವನಿಗೆ ನಂಬಿಕೆ ಇರಲಿಲ್ಲ. ಬಂದ ಹೊಸದರಲ್ಲಿ ಕಂಪನಿಯ ನಿಜವಾದ ಸದಸ್ಯರು ಬೆರಳೆಣಿಕೆಯಷ್ಟು. 1630ರ ಅಕ್ಟೋಬರಿನಲ್ಲಿ ನೂರಕ್ಕೂ ಹೆಚ್ಚು ಜನ ನಮ್ಮನ್ನೂ ಸದಸ್ಯರನ್ನಾಗಿ ಮಾಡಿ ಎಂದು ಕೇಳಿದರು. 1631ರಲ್ಲಿ ಮಾಡಿದರು, ಆದರೆ ಇನ್ನು ಮುಂದೆ ಚರ್ಚಿನ ಸದಸ್ಯರಾದ ಗಂಡಸರಿಗೆ ಮಾತ್ರ ಎಂದು ಬೇಲಿ ಹಾಕಿದರು. ಜೊತೆಗೆ ಕಾನೂನು ಮಾಡುವ ಅಧಿಕಾರ ಸಹಾಯಕರದು, ನಿಮ್ಮದು ಅವರನ್ನು ಆರಿಸುವುದು ಅಷ್ಟೇ ಎಂದರು. ಸನ್ನದಿನಲ್ಲಿ ಹಾಗೆ ಇರಲಿಲ್ಲ. ಆದರೆ ಸನ್ನದನ್ನು ನೋಡಿದವರು ಯಾರು?

1632ರಲ್ಲಿ ನ್ಯೂಟೌನ್ ಎಂಬ ಊರಿಗೆ ಬೇಲಿ ಕಟ್ಟಲು 60 ಪೌಂಡ್ ತೆರಿಗೆ ಹಾಕಿದರು. ಪಕ್ಕದ ವಾಟರ್‌ಟೌನ್‌ನವರು, ಹೀಗೆ ಕೊಡುತ್ತಾ ಹೋದರೆ ನಾವೂ ನಮ್ಮ ಮಕ್ಕಳೂ ದಾಸ್ಯಕ್ಕೆ ಬೀಳುತ್ತೇವೆ ಎಂದು ತಕರಾರು ತೆಗೆದರು. ಅವರನ್ನು ಕರೆಸಿ ಗದರಿಸಿ ಕ್ಷಮೆ ಹೇಳಿಸಿದರು, ನಿಜ. ಆದರೆ ಅದೇ ವರ್ಷ ತೆರಿಗೆ ವಿಷಯದಲ್ಲಿ ಸಲಹೆ ಕೊಡಲು ಪ್ರತಿ ಊರಿನಿಂದ ಇಬ್ಬರು ಬರಲಿ ಎಂದು ಒಪ್ಪಬೇಕಾಯಿತು. 1634ರ ವಸಂತದಲ್ಲಿ ಊರುಗಳ ಪ್ರತಿನಿಧಿಗಳು ವಿಂತ್ರಾಪ್ ಹತ್ತಿರ ಹೋಗಿ ಒಂದೇ ಒಂದು ಬೇಡಿಕೆ ಇಟ್ಟರು. ಸನ್ನದು ತೋರಿಸಿ. ಅವನು ತೋರಿಸಿದ. ಅವರು ಓದಿದರು. ಕಾನೂನು ಮಾಡುವ ಅಧಿಕಾರ ಎಲ್ಲ ಸದಸ್ಯರ ಮಹಾಸಭೆಯದು ಎಂದು ಅದರಲ್ಲಿ ಬರೆದಿತ್ತು. ಜನ ಜಾಸ್ತಿಯಾಗಿದ್ದಾರೆ, ಎಲ್ಲರೂ ಬಂದು ಕೂರಲಾಗದು ಎಂದು ವಿಂತ್ರಾಪ್ ಹೇಳಿದ. ಸರಿ, ಊರಿಗೆ ಇಷ್ಟು ಜನ ಅಂತ ಕಳಿಸುತ್ತೇವೆ ಎಂದರು. ಮೇ ತಿಂಗಳ ಮಹಾಸಭೆಗೆ ಎಂಟು ಊರುಗಳಿಂದ 24 ಪ್ರತಿನಿಧಿಗಳು ಬಂದರು. ಗವರ್ನರ್ ಚುನಾವಣೆ ಚೀಟಿ ಬರೆದು ನಡೆಯಿತು, ವಿಂತ್ರಾಪ್ ಸೋತ, ಥಾಮಸ್ ಡಡ್ಲಿ ಗೆದ್ದ. ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಇದು. ಯಾರೂ ಕತ್ತಿ ಎತ್ತಲಿಲ್ಲ, ಕಾಗದ ಕೇಳಿ ಪಡೆದು ಓದಿದರು.

ಅದೇ ಕಾಲದಲ್ಲಿ ಆ ಕಾಗದದ ಬುಡಕ್ಕೇ ಕೈ ಹಾಕಿದವನೂ ಒಬ್ಬನಿದ್ದ. ರಾಜರ್ ವಿಲಿಯಮ್ಸ್ ಎಂಬ ಪಾದ್ರಿ. ನೆಲ ಇಲ್ಲಿನ ಮೂಲ ಜನರದು, ರಾಜನಿಗೆ ಅದನ್ನು ಕೊಡುವ ಹಕ್ಕೇ ಇಲ್ಲ, ಅವರಿಂದ ಕೊಂಡುಕೊಳ್ಳಬೇಕು ಎಂದು ವಾದಿಸಿದ. ಜನರ ನಂಬಿಕೆಯ ವಿಷಯಕ್ಕೆ ಸರ್ಕಾರ ತಲೆ ಹಾಕಬಾರದು ಎಂದೂ ಹೇಳಿದ. 1635ರಲ್ಲಿ ಅವನನ್ನು ಗಡಿಪಾರು ಮಾಡಿದರು. ಅವನು ನ್ಯಾರಗಾನ್ಸೆಟ್ ಎಂಬ ಮೂಲ ಜನರಿಂದ ಜಾಗ ಪಡೆದು 1636ರಲ್ಲಿ ಪ್ರಾವಿಡೆನ್ಸ್ ಕಟ್ಟಿದ, ಅದರಿಂದ ರೋಡ್ ಐಲೆಂಡ್ ಬೆಳೆಯಿತು.

ಮ್ಯಾಸಚೂಸೆಟ್ಸಿನ ಶಾಸನಸಭೆಗೆ ಎರಡು ಸದನ ಹೇಗೆ ಬಂತು ಅನ್ನುವುದಕ್ಕೆ ಒಂದು ಹಂದಿಯ ಕಥೆ ಇದೆ, ಹೇಳಲೇಬೇಕು. ಬಾಸ್ಟನ್‌ನಲ್ಲಿ ಶೆರ್ಮನ್ ಎಂಬ ಬಡ ಹೆಂಗಸಿನ ಹೆಣ್ಣುಹಂದಿ ಕಳೆದುಹೋಯಿತು. ಸಾಹುಕಾರ ವ್ಯಾಪಾರಿ ರಾಬರ್ಟ್ ಕೀನ್ ಅದನ್ನು ಕೊಂದ ಎಂದು ಅವಳ ದೂರು. ಕೆಳಗಿನ ಕೋರ್ಟುಗಳಲ್ಲಿ ಸೋತು 1642ರಲ್ಲಿ ಅದು ಮಹಾಸಭೆಗೇ ಬಂತು. ಎಲ್ಲ ಮತ ಎಣಿಸಿದರೆ ಶೆರ್ಮನ್ ಕಡೆಗೆ ಜಾಸ್ತಿ, ಸಹಾಯಕರ ಮತ ಮಾತ್ರ ಎಣಿಸಿದರೆ ಕೀನ್ ಕಡೆಗೆ. ಹಾಗಾದರೆ ಊರಿನ ಪ್ರತಿನಿಧಿಗಳ ತೀರ್ಮಾನವನ್ನು ಸಹಾಯಕರು ತಡೆಯಬಹುದಾ? ಈ ಜಗಳ ಬಗೆಹರಿಯದೆ 1644ರಲ್ಲಿ ಇಬ್ಬರೂ ಬೇರೆ ಬೇರೆ ಕೂತರು, ಎರಡೂ ಕಡೆ ಒಪ್ಪಿದರೆ ಮಾತ್ರ ಕಾನೂನು ಎಂದಾಯಿತು.

ಕಂಪನಿಯಲ್ಲದೆ ಒಬ್ಬನೇ ಒಡೆಯನಿಗೆ ಕೊಟ್ಟ ವಸಾಹತುಗಳೂ ಇದ್ದವು. ಮೇರಿಲ್ಯಾಂಡನ್ನು 1632ರಲ್ಲಿ ಸೆಸಿಲ್ ಕ್ಯಾಲ್ವರ್ಟ್‌ಗೆ ಕೊಟ್ಟರು, ರಾಜನಿಗೆ ವರ್ಷಕ್ಕೆ ಅಲ್ಲಿನ ಎರಡು ಬಾಣ ಕಾಣಿಕೆ. ಆದರೆ ಅಲ್ಲೂ ಕಾನೂನಿಗೆ ಜನರ ಒಪ್ಪಿಗೆ ಬೇಕು ಎಂದು ಸನ್ನದಿನಲ್ಲೇ ಇತ್ತು. 1638ರಲ್ಲಿ ಒಡೆಯ ಬರೆದು ಕಳಿಸಿದ ಕಾನೂನುಗಳನ್ನು ಸಭೆ ತಳ್ಳಿಹಾಕಿತು. 1648ರಲ್ಲಿ ಮಾರ್ಗರೆಟ್ ಬ್ರೆಂಟ್ ಎಂಬ ಜಮೀನ್ದಾರಿಣಿ ಸಭೆಯಲ್ಲಿ ನಿಂತು ಎರಡು ಮತ ಕೇಳಿದಳು, ಒಂದು ತನ್ನದು, ಇನ್ನೊಂದು ತಾನು ನೋಡಿಕೊಳ್ಳುತ್ತಿದ್ದ ಕ್ಯಾಲ್ವರ್ಟ್ ಆಸ್ತಿಯದು. ಗವರ್ನರ್ ಕೊಡಲಿಲ್ಲ.

ಕೊನೆಯದು, ಸನ್ನದು ಕಿತ್ತುಕೊಳ್ಳಬಹುದಿತ್ತಾ? ಕಿತ್ತುಕೊಂಡರು. ಮ್ಯಾಸಚೂಸೆಟ್ಸಿನ ಕಾಗದವನ್ನು ವಾಪಸ್ ಕಳಿಸಿ ಎಂದು ಲಂಡನ್ 1634ರಿಂದಲೇ ಕೇಳುತ್ತಿತ್ತು, ಇವರು ಸಭೆ ಸೇರಲಿ, ನೋಡೋಣ ಎಂದು ಮುಂದೂಡುತ್ತಲೇ ಬಂದರು. 1684ರಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಉತ್ತರದ ವಸಾಹತುಗಳನ್ನೆಲ್ಲ ಒಟ್ಟು ಸೇರಿಸಿ, ಚುನಾಯಿತ ಸಭೆಯೇ ಇಲ್ಲದಂತೆ ಆಳಲು ಎಡ್ಮಂಡ್ ಆಂಡ್ರೋಸ್ ಎಂಬ ಗವರ್ನರನನ್ನು ಕಳಿಸಿದರು. 1687ರಲ್ಲಿ ಅವನು ಪಕ್ಕದ ಕನೆಕ್ಟಿಕಟ್ ವಸಾಹತಿನ ಸನ್ನದು ಕೇಳಲು ಹಾರ್ಟ್‌ಫರ್ಡಿಗೆ ಹೋದಾಗ ಮೇಣದಬತ್ತಿಗಳು ಆರಿಹೋದವು, ಮತ್ತೆ ಹಚ್ಚುವಷ್ಟರಲ್ಲಿ ಮೇಜಿನ ಮೇಲಿದ್ದ ಕಾಗದ ಮಾಯವಾಗಿತ್ತು, ಒಂದು ಓಕ್ ಮರದ ಪೊಟರೆಯಲ್ಲಿ ಅದನ್ನು ಬಚ್ಚಿಟ್ಟರು ಎಂದು ಆ ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. 1689ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನಲ್ಲಿ ದೊರೆ ಬದಲಾದ ಸುದ್ದಿ ಬಂದ ಕೂಡಲೇ ಬಾಸ್ಟನ್ ಜನ ಆಂಡ್ರೋಸ್‌ನನ್ನು ಹಿಡಿದು ಸೆರೆಗೆ ಹಾಕಿದರು. ಮ್ಯಾಸಚೂಸೆಟ್ಸಿಗೆ 1691ರಲ್ಲಿ ಸಿಕ್ಕಿದ ಹೊಸ ಸನ್ನದಿನಲ್ಲಿ ಗವರ್ನರ್ ರಾಜನ ನೇಮಕ, ಮತಕ್ಕೆ ಚರ್ಚಿನ ಬದಲು ಆಸ್ತಿ ಆಧಾರ. ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ಮಾತ್ರ ತಮ್ಮ ಹಳೆಯ ಕಾಗದವನ್ನೇ ಹಿಡಿದುಕೊಂಡು, ಸ್ವಾತಂತ್ರ್ಯ ಬಂದ ಮೇಲೂ ಅದನ್ನೇ ಸಂವಿಧಾನದಂತೆ ಬಳಸಿದವು, ಕನೆಕ್ಟಿಕಟ್ 1818ರವರೆಗೆ, ರೋಡ್ ಐಲೆಂಡ್ 1843ರವರೆಗೆ.